ಹೊನವಾಡ ಸರ್ ಕಂಡದ್ದು

ಡಾ. ಈರಪ್ಪ ಹೊನವಾಡ ಅವರ ಹಣೆಯ ಸುತ್ತ ಬೂದುಬಣ್ಣದ ಅಗಲವಾದ ಪಟ್ಟಿಯೊಂದನ್ನು ಬಿಗಿದರು. ಎದುರಿನ ಪರದೆಯ ಮೇಲೆ ಅವರ ವಿದ್ಯಾರ್ಥಿನಿ ಸುಗಲಾ ಬಿರಾದಾರಳ ಭಾವಚಿತ್ರ ಮೂಡಿತು, ಕೆಳಗೆ ಅವಳ ಹೆಸರು. ಆಮೇಲೆ ಅವಳದೇ ದನಿಯಲ್ಲಿ ಒಂದು ಸಾಲು: "ನಮಸ್ಕಾರ ಸರ್, ನಾನು ಸುಗಲಾ." ಅಷ್ಟೇ. ಸರ್ ಕಣ್ಣು ಮುಚ್ಚಿಕೊಂಡರು. ಯಂತ್ರ ಸದ್ದು ಮಾಡಲಿಲ್ಲ, ದೀಪ ಮಿನುಗಿಸಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಬಾಗಿಲ ಗಾಜಿನಿಂದ ಸುಗಲಾ ನೋಡುತ್ತಿದ್ದಳು. ಆ ತಲೆಯೊಳಗೆ ತಾನು ಎಷ್ಟಿದ್ದೇನೆ ಎಂಬುದು ಇನ್ನು ಸ್ವಲ್ಪ ಹೊತ್ತಿಗೆ ಕಾಗದದ ಮೇಲೆ ಬರುತ್ತದೆ.

ಯಂತ್ರದ ಹೆಸರು ನೆನಪೋಲೆ, ಅದು ಬರೆಯುವ ಪತ್ರಕ್ಕೂ ಅದೇ ಹೆಸರು. ಒಬ್ಬರನ್ನು ನೆನೆಸಿಕೊಂಡಾಗ ಮಿದುಳಿನಲ್ಲಿ ಏಳುವ ಅತಿ ಸೂಕ್ಷ್ಮ ಕಾಂತೀಯ ಅಲೆಗಳನ್ನು ಪಟ್ಟಿ ಹಿಡಿಯುತ್ತದೆ. ಕಣ್ಣಾರೆ ಕಂಡದ್ದನ್ನು ನೆನೆಯುವಾಗ ಆ ಹೊತ್ತಿನ ನೋಟ, ಸದ್ದು, ವಾಸನೆಗಳಿಗೆ ಸಂಬಂಧಿಸಿದ ಭಾಗಗಳೂ ಜೊತೆಗೇ ಎಚ್ಚರಗೊಳ್ಳುತ್ತವೆ. ಯಾರೋ ಹೇಳಿದ್ದನ್ನೋ ತಾನು ಓದಿದ್ದನ್ನೋ ನೆನೆಯುವಾಗ ಹೆಚ್ಚಾಗಿ ಮಾತಿನ ಭಾಗವೊಂದೇ ಮಿಸುಕುತ್ತದೆ. ಈ ವ್ಯತ್ಯಾಸವೇ ಯಂತ್ರದ ಜೀವಾಳ. ನೆನಪನ್ನು ಅದು ಸರಳ ವಾಕ್ಯಗಳಾಗಿ ಬರೆದು, ಪ್ರತಿ ವಾಕ್ಯದ ಅಂಚಿನಲ್ಲಿ 'ಕಂಡದ್ದು' ಅಥವಾ 'ಕೇಳಿದ್ದು' ಎಂದು ಗುರುತು ಹಾಕುತ್ತದೆ. ಕೇಳಿದ್ದು ಎಂದು ಗುರುತಾದ ವಾಕ್ಯ ಪತ್ರದಲ್ಲಿ ಉಳಿಯುವುದಿಲ್ಲ.

ಇಂಥದೊಂದು ಯಂತ್ರ ಬೇಕಾದದ್ದು ಒಂದು ಹಳೆಯ ರೂಢಿಯಿಂದ. ಮೇಲಿನ ಓದಿಗೆ ಅರ್ಜಿ ಹಾಕುವ ಹುಡುಗರು ಶಿಫಾರಸು ಪತ್ರ ಕೇಳಲು ಹೋದರೆ ನಮ್ಮ ಪ್ರಾಧ್ಯಾಪಕರು, ಒಳ್ಳೆಯ ಮನಸ್ಸಿನಿಂದಲೇ, "ನೀನೇ ಬರಕೊಂಡು ಬಾ, ಸಹಿ ಹಾಕ್ತೀನಿ" ಎನ್ನುತ್ತಿದ್ದರು. ಹುಡುಗರು ನಾಚಿಕೊಂಡು, ಬೆವತು, ತಮ್ಮನ್ನು ತಾವೇ ಹೊಗಳಿಕೊಂಡು ಬರೆದು ತರುತ್ತಿದ್ದರು. ಮುಂದೆ ಆ ನಾಚಿಕೆಯ ಕೆಲಸವನ್ನೂ ಕಂಪ್ಯೂಟರು ವಹಿಸಿಕೊಂಡಿತು. ದೇಶದ ಪ್ರತಿ ವಿದ್ಯಾರ್ಥಿಯೂ ಅಸಾಧಾರಣ ಪ್ರತಿಭೆಯಾದ. ಪತ್ರಗಳನ್ನು ಓದುವವರು ಓದುವುದನ್ನು ನಿಲ್ಲಿಸಿದರು. ಆಗ ಉಡುಪಿ ಕಡೆಯ ನರವಿಜ್ಞಾನಿ ಡಾ. ವಾರಿಜಾ ಕುಂದರ್ ಈ ಪಟ್ಟಿಯನ್ನು ಮುಂದಿಟ್ಟರು. ಹತ್ತು ವರ್ಷದೊಳಗೆ, ಎಂದರೆ 2061ರ ಹೊತ್ತಿಗೆ, ಸಂಶೋಧನಾ ಪೀಠಗಳೆಲ್ಲ ಮಾರ್ಗದರ್ಶಕರ ನೆನಪೋಲೆ ಇಲ್ಲದ ಅರ್ಜಿಯನ್ನು ತೆರೆದೂ ನೋಡುತ್ತಿರಲಿಲ್ಲ.

ಅಂದಿನಿಂದ ಹುಡುಗರು ಇನ್ನೊಂದು ವಿದ್ಯೆ ಕಲಿತರು. ನೆನಪಿನಲ್ಲಿ ಉಳಿಯುವ ವಿದ್ಯೆ. ಒಬ್ಬ ಪ್ರತಿ ಸೆಮಿನಾರಿನಲ್ಲೂ ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದ. ಇನ್ನೊಬ್ಬ ಬೇಕೆಂದೇ ಸಣ್ಣ ತಪ್ಪು ಮಾಡಿ, ಬೈಸಿಕೊಂಡು, ಮರುದಿನ ತಿದ್ದಿ ತೋರಿಸುತ್ತಿದ್ದ. ಸುಗಲಾಳಿಗೆ ಇದು ಯಾವುದೂ ಬರುತ್ತಿರಲಿಲ್ಲ. ಅವಳದು ಮಣ್ಣು ತೂಗುವ ಕೆಲಸ.

ಡೋಣಿ ಕೃಷಿ ಕಾಲೇಜಿನ ಎರೆಹೊಲದಲ್ಲಿ ಅವಳೂ ಅವಳ ಗೆಳತಿ ಚಂಪಾ ರಾಠೋಡಳೂ ಹಿಂಗಾರಿ ಜೋಳದ ಬೇರಿನ ಬೆನ್ನು ಹತ್ತಿದ್ದರು. ಹಗಲೆಲ್ಲ ಬಿರುಕು ಬಿಟ್ಟು ನಿಲ್ಲುವ ಕಪ್ಪು ಮಣ್ಣಿನಲ್ಲಿ ಜೋಳದ ಆಳದ ಬೇರು ರಾತ್ರಿ ಕೆಳಗಿನ ತೇವವನ್ನು ಎಳೆದು, ಮೇಲಿನ ಒಣ ಮಣ್ಣಿಗೆ ಬಿಟ್ಟುಕೊಡುತ್ತದೆಯೇ ಎಂಬುದು ಪ್ರಶ್ನೆ. ಚಂಪಾ ಬೇರನ್ನು ಕಣ್ಣಿಗೆ ಕಾಣಿಸಿದಳು. ಒಂದು ಮಗ್ಗುಲಿಗೆ ಗಾಜಿರುವ ಮರದ ಪೆಟ್ಟಿಗೆ ಮಾಡಿ, ಅದನ್ನು ಓರೆಯಾಗಿ ನಿಲ್ಲಿಸಿ ಜೋಳ ಬಿತ್ತಿದಳು. ಓರೆಯಾಗಿಟ್ಟರೆ ಬೇರು ನೆಲದ ಸೆಳೆತಕ್ಕೆ ಗಾಜಿಗೆ ಒತ್ತಿಕೊಂಡೇ ಇಳಿಯುತ್ತದೆ. ಬೇರಿಗೆ ಬೆಳಕು ಆಗಿಬರದು, ಆದ್ದರಿಂದ ಗಾಜಿಗೆ ಕರಿ ಬಟ್ಟೆ. ಸುಗಲಾ ತೇವವನ್ನು ಅಂಕಿಯಲ್ಲಿ ಹಿಡಿದಳು. ಪ್ರತಿ ಆಳದ ಮಣ್ಣನ್ನು ತೂಗಿ, ಬಿಸಿ ಪೆಟ್ಟಿಗೆಯಲ್ಲಿ ಒಣಗಿಸಿ, ಮತ್ತೆ ತೂಗಿ, ಕಳೆದುಹೋದ ತೂಕವೇ ನೀರು ಎಂದು ಬರೆದಿಡುವುದು. ಒಬ್ಬಳ ಕೆಲಸವಿಲ್ಲದೆ ಇನ್ನೊಬ್ಬಳದಕ್ಕೆ ಅರ್ಥವಿರಲಿಲ್ಲ. ಈ ಸುಗ್ಗಿ ಮುಗಿದ ಮೇಲೆ ಆ ಹೊಲಕ್ಕೆ ಸೌರಫಲಕ ಬರುವುದಿತ್ತು. ಕೆಲಸ ಮುಂದುವರಿಸಬೇಕೆಂದರೆ ಜೋಧಪುರದ ಒಣಭೂಮಿ ಪೀಠವೊಂದೇ ದಾರಿ. ಇಬ್ಬರೂ ಅಲ್ಲಿಗೇ ಅರ್ಜಿ ಬರೆದಿದ್ದರು. ಶನಿವಾರ ಕೊನೆಯ ದಿನ, ಅಂದು ಗುರುವಾರ.

ಒಳಗಿನಿಂದ ಡಾ. ಕುಂದರ್ ಅವರೇ ಪತ್ರ ಹಿಡಿದು ಬಂದರು. ಯಂತ್ರ ಹೊಸದಾಗಿ ಕೂತ ಪ್ರತಿ ಕಾಲೇಜಿನಲ್ಲೂ ಮೊದಲ ಅರ್ಜಿಗಾಲ ಮುಗಿಯುವವರೆಗೆ ಇದ್ದು ನೋಡುವುದು ಅವರ ಪದ್ಧತಿ. ಅರವತ್ತರ ಹತ್ತಿರದ ಹೆಂಗಸು, ಬೆಳ್ಳಗಿನ ಗಿಡ್ಡ ಕೂದಲು. ಇಂಥ ಪತ್ರ ವರ್ಷಕ್ಕೆ ನಾಲ್ಕೈದು ಬಂದರೆ ಹೆಚ್ಚು ಎಂದು ಹೇಳಿ, ಓದಿ ಒಪ್ಪಿಗೆ ಒತ್ತಿದರೆ ನೇರ ಜೋಧಪುರಕ್ಕೆ ಹೋಗುತ್ತದೆ ಎಂದರು.

ಸುಗಲಾ ಓದಿದಳು. 'ಈ ವಿದ್ಯಾರ್ಥಿನಿ ತಾನೇ ಮರಗೆಲಸ ಮಾಡಿ ಗಾಜಿನ ಪೆಟ್ಟಿಗೆ ಕಟ್ಟಿದಳು. ಮೊದಲ ಪೆಟ್ಟಿಗೆ ಒಡೆಯಿತು. ಮರುವಾರವೇ ಎರಡನೆಯದು ಸಿದ್ಧವಾಗಿತ್ತು. ಕರಿ ಬಟ್ಟೆ ಸರಿಸಿ ಬೇರನ್ನು ನನಗೆ ತೋರಿಸಿದಾಗ ಅವಳ ಕೈಗೆ ಬಟ್ಟೆ ಸುತ್ತಿತ್ತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಂಥ ಕೈ ನೋಡಿಲ್ಲ.' ಅಂಚಿನಲ್ಲಿ ಪ್ರತಿ ಸಾಲಿಗೂ ಕಂಡದ್ದು, ಕಂಡದ್ದು, ಕಂಡದ್ದು.

ಒಂದೂ ಸುಳ್ಳಲ್ಲ. ಆದರೆ ಒಂದೂ ಅವಳದಲ್ಲ. ಅಷ್ಟೂ ಚಂಪಾಳದು.

ಒಪ್ಪಿಗೆ ನಾಳೆ ಒತ್ತಬಹುದೇ ಎಂದು ಸುಗಲಾ ಕೇಳಿದಳು. ಶನಿವಾರದವರೆಗೆ ಸಮಯವಿದೆ ಎಂದು ಡಾ. ಕುಂದರ್ ಹೇಳಿದರು. ಹುಡುಗಿ ಹಿಗ್ಗದೆ ಇದ್ದದ್ದು ಅವರಿಗೆ ವಿಚಿತ್ರವಾಗಿ ಕಂಡಿರಬೇಕು.

ಚಂಪಾಳ ಸರದಿ ಮಧ್ಯಾಹ್ನ ಮುಗಿಯಿತು. ಸಂಜೆ ಮೆಸ್ಸಿನಲ್ಲಿ ಅವಳು ತನ್ನ ಪತ್ರವನ್ನು ರೊಟ್ಟಿ ತಟ್ಟೆಯ ಪಕ್ಕ ಹಾಸಿ ತೋರಿಸಿದಳು. ಅದರಲ್ಲಿದ್ದದ್ದು ಮೂರು ಸಾಲು. 'ಈ ವಿದ್ಯಾರ್ಥಿನಿ ಕಾರ್ಯಕ್ರಮಗಳಲ್ಲಿ ಪ್ರಾರ್ಥನೆ ಹಾಡುತ್ತಾಳೆ. ದನಿ ಚೆನ್ನಾಗಿದೆ. ಸುಗಲಾಳ ಜೊತೆ ಬರುತ್ತಾಳೆ.'

"ಪ್ರಾರ್ಥನಾ ಹಾಡಾಕಿ ನೀನು," ಎಂದಳು ಚಂಪಾ. "ನಾ ಬಾಯಿ ತೆಗದ್ರ ನಮ್ಮ ತಾಂಡಾದಾಗ ಎಮ್ಮಿ ಹಾಲ ಕೊಡಂಗಿಲ್ಲ. ಸರ್ ಯಾರ ಹಾಡು ಕೇಳಿ ಯಾರಿಗೆ ಹಚ್ಚ್ಯಾರ ನೋಡಲೇ."

ನಗುವಂತೆಯೇ ಹೇಳಿದಳು. ಆದರೆ ರೊಟ್ಟಿ ಮುರಿಯುವ ಬೆರಳುಗಳು ಸುಮ್ಮನೆ ಅದೇ ತುಂಡನ್ನು ಮತ್ತೆ ಮತ್ತೆ ಮುರಿಯುತ್ತಿದ್ದವು. ಇಂಥ ಪತ್ರ ಹೋದರೆ ಜೋಧಪುರದವರು ಅವಳ ಅರ್ಜಿಯ ಎರಡನೆಯ ಪುಟ ತಿರುವುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ನಿಂದ್ರಾಗ ಏನ್ ಬಂದೈತಿ?"

"ಚಲೋ ಬಂದೈತಿ," ಎಂದಳು ಸುಗಲಾ. ಪತ್ರ ಅವಳ ಮಡಿಲಲ್ಲಿ ಇತ್ತು. ಅದನ್ನು ಇನ್ನೊಂದು ಮಡಿಕೆ ಮಡಚಿ, ನೀರು ತರುತ್ತೇನೆಂದು ಎದ್ದುಹೋದಳು.

ರಾತ್ರಿ ಹಾಸ್ಟೆಲಿನ ತಮ್ಮಿಬ್ಬರ ಕೋಣೆಯಲ್ಲಿ ಅವಳು ತನ್ನ ಉದ್ದೇಶ ಪತ್ರವನ್ನು ತೆರೆದು ಕೂತಳು. ಏಕೆ ಓದಬೇಕು, ಈವರೆಗೆ ಏನು ಮಾಡಿದ್ದೇನೆ, ಮುಂದೆ ಏನು ಮಾಡುತ್ತೇನೆ ಎಂದು ಅರ್ಜಿದಾರರು ತಾವೇ ಬರೆಯುವ ಎರಡು ಪುಟ. ಎಷ್ಟು ಸಲ ತಿದ್ದಿದ್ದಳೆಂದರೆ ಪ್ರತಿ ವಾಕ್ಯವೂ ಕಲ್ಲಿನ ಹಾಗೆ ಗಟ್ಟಿಯಾಗಿ, ಅವಳಿಗೇ ಅಪರಿಚಿತವಾಗಿತ್ತು. ಮೊದಲ ಪುಟದ ನಡುವೆ ಒಂದು ಸಾಲಿತ್ತು: 'ನನ್ನ ಸಹಪಾಠಿ ಚಂಪಾ ರಾಠೋಡ ಕಟ್ಟಿದ ಗಾಜಿನ ಪೆಟ್ಟಿಗೆಯಲ್ಲಿ ಬೇರಿನ ಆಳ ನೋಡಿಕೊಂಡು ನಾನು ಮಣ್ಣಿನ ಮಾದರಿ ತೆಗೆದೆ.' ಜೋಧಪುರದವರು ಉದ್ದೇಶ ಪತ್ರವನ್ನೂ ನೆನಪೋಲೆಯನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. ಒಂದರಲ್ಲಿ ಪೆಟ್ಟಿಗೆ ಚಂಪಾಳದು, ಇನ್ನೊಂದರಲ್ಲಿ ಸುಗಲಾಳದು. ಹೊಂದುವುದಿಲ್ಲ.

ಹೊಂದಿಸುವುದು ಕಷ್ಟವೇನಲ್ಲ. ಅವಳು ಹೆಸರು ಅಳಿಸಿ 'ನಾವು ಕಟ್ಟಿದ ಗಾಜಿನ ಪೆಟ್ಟಿಗೆ' ಎಂದು ಬರೆದಳು. ಅದು ಪೂರ್ತಿ ಸುಳ್ಳೂ ಅಲ್ಲ, ಗಾಜು ಹಿಡಿದುಕೊಂಡು ನಿಂತವಳು ತಾನೇ. ಹಾಗೆಂದುಕೊಂಡು ಪುಟ ಮುಚ್ಚಿದಳು. ತೆರೆದಳು. ಹೆಸರು ಮತ್ತೆ ಹಾಕಿದಳು. ಮತ್ತೆ ಅಳಿಸಿದಳು. ಪಕ್ಕದ ಮಂಚದಲ್ಲಿ ಚಂಪಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿತ್ತೋ ಇಲ್ಲವೋ.

ಮರುದಿನ ಬೆಳಿಗ್ಗೆ ಸುಗಲಾ ಮಣ್ಣು ಒಣಗಿಸುವ ಕೋಣೆಯಲ್ಲಿ ತಕ್ಕಡಿಯ ಮುಂದೆ ನಿಂತಳು. ಒಂದೇ ಮಣ್ಣನ್ನು ಎರಡು ಸಲ ತೂಗಿದಳು. ಎರಡು ಸಲವೂ ಬೇರೆ ಬೇರೆ ಅಂಕಿ ಬರೆದುಕೊಂಡಳು. ಹಿಂದೆಂದೂ ಹಾಗಾಗಿರಲಿಲ್ಲ. ಚಂಪಾ ಬಟ್ಟಲು ತೊಳೆದಿಡುತ್ತಿದ್ದಳು. ಸುಗಲಾ ಪತ್ರ ತೆಗೆದು ಮೇಜಿನ ಮೇಲಿಟ್ಟಳು.

ಚಂಪಾ ಒದ್ದೆ ಕೈ ಒರೆಸಿಕೊಂಡು ಓದಿದಳು. ಓದಿ, ಎಡಗೈಯನ್ನು ಪತ್ರದ ಪಕ್ಕ ಇಟ್ಟಳು. ಹೆಬ್ಬೆರಳ ಬುಡದಲ್ಲಿ ಗಾಜು ಸೀಳಿದ ಗುರುತು ಇನ್ನೂ ಕೆಂಪಗಿತ್ತು.

"ನಿನ್ನೇ ಗೊತ್ತಿತ್ತ ನಿನಗ?" ಎಂದಳು.

"ಗೊತ್ತಿತ್ತು."

ಚಂಪಾ ಉಳಿದ ಬಟ್ಟಲುಗಳನ್ನೂ ತೊಳೆದಳು. ಎಲ್ಲ ಮುಗಿದ ಮೇಲೆ, ಸರ್ ಹತ್ತಿರ ಹೋಗೋಣ ನಡೆ ಎಂದಳು.

ಹೊನವಾಡ ಸರ್ ಕೆಟ್ಟವರಲ್ಲ. ಎರಡು ವರ್ಷ ಇವರಿಬ್ಬರನ್ನೂ ಕಂಡಾಗಲೆಲ್ಲ "ಬೇರಿನ ಜೋಡಿ ಬಂತೇನವ್ವ" ಎಂದು ಪ್ರೀತಿಯಿಂದಲೇ ಕೂಗುತ್ತಿದ್ದರು. ಒಬ್ಬಳನ್ನು ಬಿಟ್ಟು ಇನ್ನೊಬ್ಬಳನ್ನು ಕೂಗಿದ್ದು ಇಲ್ಲ. ಸುಗಲಾ ಹೇಳಿದ್ದನ್ನು ಕೇಳಿ ಅವರು ಕನ್ನಡಕ ತೆಗೆದಿಟ್ಟರು.

"ಇಲ್ಲವ್ವ. ನಾ ಕಣ್ಣಾರೆ ಕಂಡೀನಿ. ನೀಲಿ ಚೂಡಿದಾರ ಹಾಕ್ಕೊಂಡಿದ್ದಿ. ಕೈಗೆ ಬಟ್ಟಿ ಸುತ್ತಿದ್ದಿ. ಈಗೂ ಕಣ್ಣಿಗೆ ಕಟ್ಟಿದಂಗೈತಿ."

"ನೀಲಿ ಚೂಡಿದಾರ ನಂದ ಖರೇರಿ ಸರ್," ಎಂದಳು ಸುಗಲಾ. "ನಾ ಬಾಜೂಕ ಬ್ಯಾಟರಿ ಹಿಡಕೊಂಡು ನಿಂತಿದ್ದೆ. ಬಟ್ಟಿ ಸುತ್ತಿದ ಕೈ ಚಂಪಾಂದು."

ಸರ್ ಚಂಪಾಳ ಕೈ ನೋಡಿದರು. ನೋಡಿದರೂ ಅವರ ಮನಸ್ಸಿನ ಚಿತ್ರ ಬದಲಾಗಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ದಾರಿ ಹೊಳೆದವರಂತೆ ಹೇಳಿದರು: "ಒಂದ್ ಕೆಲಸ ಮಾಡ್ರಿ. ಯಾರ್ಯಾರು ಏನೇನ್ ಮಾಡೀರಿ, ನೀವ ಚಂದಂಗ ಬರಕೊಂಡು ಬರ್ರಿ. ನಾ ಓದ್ಕೊಂಡು ಹೋಗಿ ಮತ್ತ ಕೂಡ್ತೀನಿ."

ಆ ಕೋಣೆಯಲ್ಲಿದ್ದ ಮೂವರೂ ವಿಜ್ಞಾನ ಓದಿದವರು. ಮೂವರಿಗೂ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಗೊತ್ತಿತ್ತು. ಆದರೂ ಯಾರಿಗೂ ಅಪಾಯ ಕಾಣಲಿಲ್ಲ. ಸರ್ ಓದುವ ಕಾಲದಲ್ಲಿ ಅವರ ಗುರುಗಳು ಅವರಿಗೆ ಹೇಳಿದ್ದೂ ಇದೇ ಮಾತು, ಆ ಗುರುಗಳಿಗೆ ಅವರ ಗುರುಗಳು ಹೇಳಿದ್ದೂ ಇದೇ. ಹುಡುಗಿಯರಿಬ್ಬರೂ ಕೂತು ಶ್ರದ್ಧೆಯಿಂದ ಬರೆದರು. ಸರ್ ಅಷ್ಟೇ ಶ್ರದ್ಧೆಯಿಂದ, ಪರೀಕ್ಷೆಗೆ ಹೋಗುವವರಂತೆ, ಅಡಿಗೆರೆ ಎಳೆದು ಓದಿಕೊಂಡರು. ಓದಿಕೊಂಡು ಹೋಗಿ ಪಟ್ಟಿ ಕಟ್ಟಿಸಿಕೊಂಡರು.

ಈ ಸಲ ಸಾಲುಗಳೇನೋ ಬಹಳ ಬಂದವು. ಪ್ರತಿಯೊಂದರ ಅಂಚಿನಲ್ಲೂ ಕೇಳಿದ್ದು ಎಂಬ ಗುರುತು. ಒಂದೊಂದೇ ಅಳಿದುಹೋಗಿ, ಕೊನೆಗೆ ಇಬ್ಬರ ಪತ್ರದಲ್ಲೂ ಉಳಿದದ್ದು ಒಂದೇ ವಾಕ್ಯ: 'ಇವರಿಬ್ಬರೂ ಜೊತೆಗೆ ಬರುತ್ತಿದ್ದರು.'

ಡಾ. ಕುಂದರ್ ಕಾರಣ ಹೇಳಿದರು. ನೆನಪು ಕಪಾಟಿನಲ್ಲಿಟ್ಟ ಫೋಟೋ ಅಲ್ಲ. ನೆನೆದಾಗಲೆಲ್ಲ ಮಿದುಳು ಅದನ್ನು ಹೊಸದಾಗಿ ಕಟ್ಟುತ್ತದೆ. ಕಟ್ಟುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿಕೊಳ್ಳುತ್ತದೆ. ಯಾವಾಗಲೂ ಜೊತೆಯಾಗಿ ಕಂಡ ಇಬ್ಬರು ಒಬ್ಬರಾಗಿಬಿಡುವುದು ಹಾಗೆಯೇ. ಈಗ ಓದಿದ ಕಾಗದದ ಮಾತುಗಳು ಸರ್ ನಿಜವಾಗಿ ಕಂಡಿದ್ದರ ಮೇಲೂ ಸುಣ್ಣ ಬಳಿದಂತೆ ಕೂತುಬಿಟ್ಟಿವೆ. ಹೊಸ ಓಲೆ ತೆಗೆದರೆ ಹಳೆಯದು ರದ್ದಾಗುತ್ತದೆ ಎಂಬುದು ನಿಯಮ. ನಿನ್ನೆಯ ಪತ್ರ ಇನ್ನಿಲ್ಲ.

ಸರ್ ಪಟ್ಟಿಯ ಗುರುತು ಬಿದ್ದ ಹಣೆಯನ್ನು ಉಜ್ಜಿಕೊಳ್ಳುತ್ತ, ಒಳ್ಳೆಯದಾಗಲಿ ಎಂದೇ ಓದಿಕೊಂಡು ಬಂದೆನಲ್ಲ ಎಂದರು. ಅವರು ಹೊರಗೆ ಹೋಗುವಾಗ ಬಾಗಿಲನ್ನು ಎಳೆಯುವ ಬದಲು ದೂಡುತ್ತ ಸ್ವಲ್ಪ ಹೊತ್ತು ನಿಂತಿದ್ದರು.

ಸುಗಲಾ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ನಾನೊಬ್ಬಳಾದರೂ ಹೋಗುತ್ತಿದ್ದೆ. ಬಾಯಿಬಿಟ್ಟದ್ದಕ್ಕೆ ಇಬ್ಬರೂ ಕೂತಲ್ಲೇ ಕೂತೆವು. ಈ ಯೋಚನೆ ಬಂದದ್ದಕ್ಕೇ ಅವಳಿಗೆ ಚಂಪಾಳ ಕಡೆ ತಿರುಗಲಾಗಲಿಲ್ಲ. ಡಾ. ಕುಂದರ್ ಕಡೆ ತಿರುಗಿದಳು.

"ಮೇಡಂ, ನಿಮ್ಮ ಯಂತ್ರ ತಪ್ಪು ಬರೀತು."

"ಇಲ್ಲ ಮಾರಾಯ್ತಿ. ಅವರ ತಲೆಯಲ್ಲಿ ಉಂಟಾದ್ದನ್ನು ಬರೆಯಿತು. ಸುಳ್ಳು ಹೇಳಿದರೆ ಹಿಡಿಯುತ್ತದೆ. ನಂಬಿ ತಪ್ಪು ಹೇಳಿದರೆ ಹಿಡಿಯಲಿಕ್ಕೆ ಆಗುವುದಿಲ್ಲ. ಅಷ್ಟು ನನಗೆ ಮೊದಲೇ ಗೊತ್ತಿತ್ತು." ಅವರು ಪಟ್ಟಿಯನ್ನು ಕೈಗೆತ್ತಿಕೊಂಡರು. "ಇಷ್ಟು ದೊಡ್ಡದಾಗಿ ಕಂಡಿರಲಿಲ್ಲ, ಅಷ್ಟೇ."

"ಹಂಗಾದ್ರ ಯಾರ ತಲ್ಯಾಗಿಂದು ಖರೆ ಅಂತೀರಿ?"

"ನೋಡಿದವರದು."

"ನೋಡಿದಾಕಿ ನಾನ್ರಿ," ಎಂದಳು ಸುಗಲಾ. "ಪೆಟ್ಟಿಗಿ ಒಡೆದದ್ದು, ಕಟ್ಟಿದ್ದು, ಕೈ ಕೊಯ್ಕೊಂಡಿದ್ದು, ಎಲ್ಲಾನೂ ನಾ ನೋಡೀನಿ. ಸರ್ ದಿನಕ್ಕ ಒಮ್ಮೆ ಬಂದು ಹೋಗ್ತಿದ್ರು. ನಾ ಹೋಗೂದು ಎಲ್ಲಿಗಿರಿ? ಅಲ್ಲೇ ಇದ್ದೆ."

ಡಾ. ಕುಂದರ್ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದರು. ಸಾವಿರಾರು ಅಧ್ಯಾಪಕರ ಹಣೆಗೆ ಅವರು ಈ ಪಟ್ಟಿ ಕಟ್ಟಿದ್ದರು. ವಿದ್ಯಾರ್ಥಿಯೊಬ್ಬನ ಹಣೆಗೆ ಕಟ್ಟಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಶಿಫಾರಸು ಎಂದರೆ ಮೇಲಿನವರು ಕೆಳಗಿನವರ ಬಗ್ಗೆ ಹೇಳುವುದು, ಅದು ಅರ್ಜಿಯ ಚೌಕಟ್ಟು. ಯಂತ್ರ ಹೊಸದಾದರೂ ಚೌಕಟ್ಟು ಹಳೆಯದೇ ಉಳಿದಿತ್ತು. ಅವರು ಪಟ್ಟಿಯನ್ನು ಸುಗಲಾಳ ತಲೆಯ ಅಳತೆಗೆ ಸಡಿಲಿಸಿದರು.

ಪರದೆಯ ಮೇಲೆ ಚಂಪಾಳ ಮುಖ ಬಂತು. ಆಮೇಲೆ ಚಂಪಾಳ ದನಿ. ಸುಗಲಾ ಕಣ್ಣು ಮುಚ್ಚಿದಳು. ಕಾಗದ ಹೊರಗೆ ಬರತೊಡಗಿತು. ಒಂದು ಹಾಳೆ, ಇನ್ನೊಂದು, ಮತ್ತೊಂದು. ಮೊಳೆ ಬಡಿಯುವ ಮುಂಚೆ ಮರಕ್ಕೆ ಎಣ್ಣೆ ಸವರುವುದು, ಗಾಜಿನ ಅಂಚನ್ನು ನೆಲಕ್ಕೆ ಉಜ್ಜಿ ಮೊಂಡು ಮಾಡುವುದು, ಬೇರಿನ ತುದಿಯನ್ನು ಪ್ರತಿ ಬೆಳಿಗ್ಗೆ ಗಾಜಿನ ಮೇಲೆ ಬಳಪದಿಂದ ಗುರುತಿಸುವುದು, ಒಂದು ದಿನ ಗುರುತು ತಪ್ಪಿದ್ದಕ್ಕೆ ಆ ಇಡೀ ಸಾಲನ್ನು ಲೆಕ್ಕದಿಂದ ತೆಗೆದುಹಾಕಿದ್ದು. ಅಂಚಿನಲ್ಲಿ ಕಂಡದ್ದು ಬಿಟ್ಟು ಬೇರೆ ಗುರುತಿರಲಿಲ್ಲ. ಡಾ. ಕುಂದರ್ ಹಾಳೆಗಳನ್ನು ಎತ್ತಿಕೊಂಡು ನಿಂತೇ ಓದಿದರು. ಇಷ್ಟು ವರ್ಷ ಅವರ ಯಂತ್ರದಿಂದ ಬಂದ ಅತಿ ಉದ್ದದ ಪತ್ರ ಅದಾಗಿತ್ತು.

ಆಮೇಲೆ ಪಟ್ಟಿ ಚಂಪಾಳ ಹಣೆಗೆ ಹೋಯಿತು. ಅವಳಿಂದಲೂ ಹಾಳೆಗಳು ಬಂದವು. ಸುಗಲಾ ಓದಿದಳು. 'ತೂಗುವಾಗ ಉಸಿರು ಹಿಡಿಯುತ್ತಾಳೆ. ಗಾಳಿಗೆ ತಕ್ಕಡಿ ಅಲುಗದಿರಲೆಂದು ಕಿಟಕಿ ಮುಚ್ಚಿಸುತ್ತಾಳೆ. ಮೇಲಿನ ಮಣ್ಣಿನ ತೇವ ಬೆಳಗಿನ ಹೊತ್ತು ಹೆಚ್ಚಿದ್ದನ್ನು ಕಂಡು ಸಂತೋಷಪಡಲಿಲ್ಲ. ತಕ್ಕಡಿಯ ಮೇಲೆ ಅನುಮಾನಪಟ್ಟು, ಬೇರೆ ತಕ್ಕಡಿ ತರಿಸಿ ಮೊದಲಿನಿಂದ ತೂಗಿದಳು.' ತಾನು ಮಾಡಿದ್ದೇ. ಆದರೆ ಯಾರೋ ನೋಡುತ್ತಿದ್ದಾರೆಂದು ಆಗ ಅವಳಿಗೆ ಅನ್ನಿಸಿರಲಿಲ್ಲ. ಕೊನೆಯ ಹಾಳೆಯ ಕೊನೆಗೆ ಬಂದಳು. 'ಗುರುವಾರ ಸಂಜೆ ಚಲೋ ಬಂದೈತಿ ಎಂದು ತನ್ನ ಪತ್ರವನ್ನು ಮಡಚಿದಳು. ನನ್ನ ಮುಖ ನೋಡಲಿಲ್ಲ.' ಕಂಡದ್ದು.

ಚಂಪಾ ಇನ್ನೂ ಕುರ್ಚಿಯಲ್ಲೇ ಇದ್ದಳು. "ನಾ ಬೇಕಂತ ನೆನಸಲಿಲ್ಲಲೇ," ಎಂದಳು ಮೆಲ್ಲಗೆ. "ತಾನ ಬಂತು."

ಆ ಒಂದು ಸಾಲನ್ನು ತೆಗೆಯಬಹುದೇ ಎಂದು ಸುಗಲಾ ಕೇಳಲಿಲ್ಲ. ಡಾ. ಕುಂದರ್ ತಾವಾಗಿಯೇ ಹೇಳಿದರು. ಇಡಿಯಾಗಿ ಒಪ್ಪಬಹುದು ಅಥವಾ ಇಡಿಯಾಗಿ ಬಿಡಬಹುದು, ಒಂದು ಸಾಲು ತೆಗೆದರೆ ಅದು ನೆನಪೋಲೆಯೇ ಅಲ್ಲ. ಸುಗಲಾ ಹಾಳೆಗಳನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು. ತನ್ನ ಬಗ್ಗೆ ಇಷ್ಟು ನಿಖರವಾಗಿ ಯಾರೂ ಬರೆದಿರಲಿಲ್ಲ, ತಾನೂ ಬರೆದುಕೊಂಡಿರಲಿಲ್ಲ. ಆ ಕೊನೆಯ ಸಾಲೂ ಅಷ್ಟೇ ನಿಖರವಾಗಿತ್ತು. ಅವಳು ಒಪ್ಪಿಗೆ ಒತ್ತಿದಳು. ಹಾಸ್ಟೆಲಿಗೆ ಹೋಗಿ ಉದ್ದೇಶ ಪತ್ರದಲ್ಲಿ 'ನಾವು' ಅಳಿಸಿ ಚಂಪಾಳ ಹೆಸರು ಹಾಕಿ, ಅದನ್ನೂ ಕಳಿಸಿದಳು.

ಎರಡೂ ಓಲೆಗಳ ಮೇಲೆ ಡಾ. ಕುಂದರ್ ತಮ್ಮ ಟಿಪ್ಪಣಿ ಸೇರಿಸಿದ್ದರು. ಇವು ನಿಯಮದ ಪ್ರಕಾರ ಶಿಫಾರಸು ಆಗುವುದಿಲ್ಲ, ನಿಯಮ ಮಾಡುವಾಗ ನಾನು ತಪ್ಪಿದ್ದೇನೆ ಎಂಬುದು ಅದರ ಸಾರ. ಜೋಧಪುರದವರು ಮೊದಲು ಪತ್ರಗಳನ್ನು ಇತರೆ ದಾಖಲೆ ಎಂದು ಪಕ್ಕಕ್ಕಿಟ್ಟರು. ಆಮೇಲೆ ಯಾರೋ ಓದಿರಬೇಕು. ಇಬ್ಬರಿಗೂ ಸಂದರ್ಶನಕ್ಕೆ ಕರೆ ಬಂತು. ಸುಗಲಾಳನ್ನು ತಕ್ಕಡಿಯ ಬಗ್ಗೆ ಕೇಳಿದರು, ತೇವದ ಬಗ್ಗೆ ಕೇಳಿದರು, ಕೊನೆಗೆ ಗುರುವಾರ ಸಂಜೆಯ ಬಗ್ಗೆಯೂ ಕೇಳಿದರು. ಇದ್ದದ್ದನ್ನು ಹೇಳಿದಳು. ಚಂಪಾ ಆಯ್ಕೆಯಾದಳು. ಸುಗಲಾ ಆಗಲಿಲ್ಲ. ಕಾರಣ ತಿಳಿಸುವ ಪದ್ಧತಿ ಆ ಪೀಠಕ್ಕಿಲ್ಲ. ಆ ಒಂದು ಸಾಲೇ ಕಾರಣವೋ ಅಥವಾ ಬೇರೇನೋ ಎಂಬುದು ಸುಗಲಾಳಿಗೆ ಎಂದಿಗೂ ತಿಳಿಯಲಿಲ್ಲ. ಕಾರಣ ತಿಳಿದಿದ್ದರೆ ಕಾಡುತ್ತಿದ್ದುದಕ್ಕಿಂತ ಹೆಚ್ಚು ದಿನ, ತಿಳಿಯದೆ ಇದ್ದದ್ದೇ ಅವಳನ್ನು ಕಾಡಿತು. ಮುಂದಿನ ವರ್ಷ ಅವಳು ಹೈದರಾಬಾದಿನಲ್ಲಿ ಸಂಶೋಧನೆಗೆ ಸೇರಿದಳು.

ಅದೇ ವರ್ಷ ಜೋಧಪುರದ ಅರ್ಜಿಯಲ್ಲಿ ಹೊಸ ಅಂಕಣ ಬಂತು: ಪಕ್ಕದವರ ಓಲೆ, ಎಂದರೆ ಜೊತೆಗಿರುವ ವಿದ್ಯಾರ್ಥಿಯ ನೆನಪಿನಿಂದ ತೆಗೆದದ್ದು. ಉಳಿದ ಪೀಠಗಳೂ ಬೇಗ ಸೇರಿಸಿಕೊಂಡವು. ಡಾ. ಕುಂದರ್ ಅವರ ಎರಡನೆಯ ಆವಿಷ್ಕಾರ ಎಂದು ಪತ್ರಿಕೆಗಳು ಬರೆದವು. ಸದ್ದಿಲ್ಲದೆ ಕೆಲಸ ಮಾಡುವ ಹುಡುಗ ಹುಡುಗಿಯರು ನಿಜವಾಗಿಯೂ ಬೆಳಕಿಗೆ ಬಂದರು, ಅದು ಸುಳ್ಳಲ್ಲ. ಅಂಕಿ ಅಂಶಗಳು ಹಾಗೆಯೇ ಹೇಳುತ್ತವೆ.

ಹನ್ನೆರಡು ವರ್ಷದ ಮೇಲೆ ಸುಗಲಾ ಡೋಣಿ ಕಾಲೇಜಿಗೇ ಅಧ್ಯಾಪಕಿಯಾಗಿ ಬಂದಳು. ಹಳೆಯ ಹೊಲದಲ್ಲಿ ಸೌರಫಲಕಗಳ ಸಾಲು ನಿಂತಿತ್ತು, ಸಾಲುಗಳ ನಡುವಿನ ನೆರಳಿನಲ್ಲಿ ಜೋಳ. ಒಂದು ಮಧ್ಯಾಹ್ನ ಉಗ್ರಾಣದ ಹಿಂದೆ ಮೊದಲ ವರ್ಷದ ಹುಡುಗಿ ಶಾಂಭವಿ ಗೋಣಿಚೀಲದ ಮೇಲೆ ಕೂತು ಅಳುತ್ತಿದ್ದಳು. ಒಂದು ಋತುವಿನ ಸಸಿಗಳೆಲ್ಲ ಅವಳ ಕೈತಪ್ಪಿನಿಂದ ಸುಟ್ಟುಹೋಗಿದ್ದವು.

ಸುಗಲಾ ಸಮಾಧಾನ ಹೇಳಿ, ಬಿಸಿಲಲ್ಲಿ ಯಾಕೆ ಕೂತಿದ್ದೀ, ರೂಮಿಗೆ ಹೋಗು, ಅಲ್ಲಿ ಗೆಳತಿ ಇದ್ದಾಳಲ್ಲ ಎಂದಳು.

"ಅದಕ್ಕ ಹೋಗಿಲ್ರಿ ಮೇಡಂ," ಎಂದಳು ಶಾಂಭವಿ. "ಆಕಿ ನೋಡಿದ್ರ ಕಂಡದ್ದು ಆಗ್ತೈತಿ."

ತರಗತಿಯಲ್ಲಿ ಪಕ್ಕಪಕ್ಕದ ಹುಡುಗರು ಒಬ್ಬರಿಗೊಬ್ಬರು ಬಹಳ ಸೌಜನ್ಯದಿಂದ ಮಾತಾಡುವುದನ್ನು ಸುಗಲಾ ಗಮನಿಸಿದ್ದಳು. ಮಗಳಿಗೆ ಒಳ್ಳೆಯ ರೂಮ್‌ಮೇಟ್ ಕೊಡಿ ಎಂದು ಕೇಳಲು ಬರುವ ತಂದೆತಾಯಿಗಳನ್ನೂ ನೋಡಿದ್ದಳು. ಯಾರೂ ಯಾರ ಮುಂದೆಯೂ ಸೋಲುತ್ತಿರಲಿಲ್ಲ. ಚಂಪಾಳ ಮುಂದೆ ತಾನು ಎಷ್ಟು ಸಲ ಅತ್ತಿದ್ದಳು, ಎಷ್ಟು ಸಲ ಬೈದಿದ್ದಳು, ಹೊಟ್ಟೆಕಿಚ್ಚು ಪಟ್ಟಿದ್ದಳು. ಆಗ ಅತ್ತದ್ದು ಬರೀ ಅತ್ತದ್ದು. ಅದು ಯಾವ ಅರ್ಜಿಗೂ ಸೇರುವಂಥದಲ್ಲ ಎಂಬ ಧೈರ್ಯ ಇಬ್ಬರಿಗೂ ಇತ್ತು. ಪಕ್ಕದವರು ಏನು ಕಂಡರೆಂದು ಯಾರೂ ಕೇಳದೆ ಇದ್ದ ಆ ಕಾಲದಲ್ಲಿ ಅನ್ಯಾಯ ಬಹಳವಿತ್ತು. ಪಕ್ಕದಲ್ಲಿ ಸುಮ್ಮನೆ ಕೂರುವವರೂ ಇದ್ದರು.

ಅವಳು ಇನ್ನೊಂದು ಗೋಣಿಚೀಲ ಎಳೆದುಕೊಂಡು ಹುಡುಗಿಯ ಪಕ್ಕ ಕೂತಳು. ಮುಖವನ್ನು ಹೊಲದ ಕಡೆ ತಿರುಗಿಸಿ, ಅವಳ ಅಳು ಮುಗಿಯುವವರೆಗೂ ಜೋಳವನ್ನೇ ನೋಡುತ್ತಿದ್ದಳು.